ಕೆಳಗೆ ನಾಲ್ಕು ಬೆರಳು

ಬೋರ್ಡ್ ಮಾಮನ ಫೋಟೋ ತೆಗೆಯಬೇಕು ಅಂತ ಅವರ ಮಗ ಸ್ಟುಡಿಯೋಗೆ ಬಂದಾಗ ನಾನು ಕೇಳಿದ್ದು ಒಂದೇ ಮಾತು.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಲಿ?"

"ಬೆಳಿಗ್ಗೆ ಆಗಲ್ಲ ಅಕ್ಕ. ಡಿಪೋದಲ್ಲಿ ನನಗೆ ಬಿಡುವು ಸಿಗೋದು ಮಧ್ಯಾಹ್ನ ಊಟದ ಹೊತ್ತಲ್ಲಿ ಮಾತ್ರ. ಆಗಲೇ ಬಂದುಬಿಡಿ."

"ನಡುನೆತ್ತಿ ಬಿಸಿಲಲ್ಲಿ ಮುಖ ತೆಗೆಯೋದಾ? ಅವರನ್ನ ಇಲ್ಲಿಗೇ ಕರಕೊಂಡು ಬಾ, ಒಳಗೆ ಕೂರಿಸಿ ತೆಗೀತೀನಿ."

"ನಿಮ್ಮ ಮೆಟ್ಟಿಲು ಹತ್ತೋ ಹೊತ್ತಿಗೆ ಅವರ ಉಸಿರು ಮುಗಿದಿರ್ತದೆ." ಆಮೇಲೆ ಅವನು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ಗೋಡೆಗೆ ಹಾಕೋ ಫೋಟೋ ಅಕ್ಕ. ಡಾಕ್ಟರು ಹೇಳಿದಾರೆ. ಅಪ್ಪನಿಗೆ ಗೊತ್ತಿಲ್ಲ."

ನಮ್ಮ ಕಸುಬಿನಲ್ಲಿ ಗೋಡೆಗೆ ಹಾಕುವ ಫೋಟೋ ಅಂದರೆ ಹೋದವರ ಫೋಟೋ. ಹೋದ ಮೇಲೆ ಜನ ಹಳೆ ಮದುವೆ ಗುಂಪಿನಿಂದ ಯಾವುದೋ ಅರ್ಧ ಮುಖ ಕತ್ತರಿಸಿ ತಂದು "ಇದನ್ನೇ ದೊಡ್ಡದು ಮಾಡಿಕೊಡಿ" ಅನ್ನುತ್ತಾರೆ. ಇರುವಾಗಲೇ ತೆಗೆಸುವವರು ಕಡಿಮೆ. ತೆಗೆಸುವವರು ಬುದ್ಧಿವಂತರು ಅಂತಲೇ ನಾನು ಹೇಳುವುದು. ಆದರೆ ಕೂರುವವರಿಗೆ ಗೊತ್ತಾಗದ ಹಾಗೆ ಅದನ್ನು ತೆಗೆಯುವುದು ಸುಲಭದ ಕೆಲಸವಲ್ಲ. ಅದರಲ್ಲೂ ಬೋರ್ಡ್ ಮಾಮನಿಗೆ ಗೊತ್ತಾಗದ ಹಾಗೆ.

ಯಾಕೆಂದರೆ ಆ ಫೋಟೋಗಳ ಕೆಳಗೆ ಹೆಸರು ಬರೆಯುತ್ತಿದ್ದವರೇ ಅವರು. ಊರಿನ ಅಂಗಡಿ ಬೋರ್ಡುಗಳನ್ನೆಲ್ಲ ಬರೆದ ಕೈ ಅದು. ನಮ್ಮಪ್ಪ ಸ್ಟುಡಿಯೋ ನಡೆಸುತ್ತಿದ್ದ ಕಾಲದಲ್ಲಿ ಗೋಡೆ ಫೋಟೋ ತಯಾರಾದರೆ ಮಾಮನಿಗೆ ಹೇಳಿಕಳಿಸುತ್ತಿದ್ದರು. ಅವರು ಬಂದು ಫೋಟೋದ ಕೆಳಗೆ ಬಿಳಿ ಬಣ್ಣದಲ್ಲಿ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ ಬರೆಯುತ್ತಿದ್ದರು. ಕೆಳಗಿನ ಅಂಚಿನ ತನಕ ಚಿತ್ರ ತುಂಬಿಸಿಬಿಟ್ಟರೆ ಬರೆಯಲು ಜಾಗ ಇರುವುದಿಲ್ಲ. ಅದಕ್ಕೇ ಅಪ್ಪ ಅಂಥ ಫೋಟೋ ಮಾಡುವಾಗಲೆಲ್ಲ ಮಾಮ ಹೇಳುತ್ತಿದ್ದ ಮಾತು ಒಂದೇ: "ಕೆಳಗೆ ನಾಲ್ಕು ಬೆರಳು ಬಿಡಿ." ಬೇರೆ ಯಾವ ಫೋಟೋಗೂ ಆ ನಾಲ್ಕು ಬೆರಳು ಬೇಕಾಗುತ್ತಿರಲಿಲ್ಲ.

ಬಂದಾಗಲೆಲ್ಲ ನನ್ನ ಸ್ಲೇಟಿನ ಮೇಲೆ ಒಂದು ಗಿಣಿ ಬರೆದುಕೊಡುತ್ತಿದ್ದರು. ಸಿಡುಕಿದ್ದು ನಾನು ನೋಡಿಲ್ಲ. ಅಷ್ಟು ನಗಿಸುವ ಮನುಷ್ಯ ನಮ್ಮ ಅಂಗಡಿಗೆ ಇನ್ನೊಬ್ಬ ಬರುತ್ತಿರಲಿಲ್ಲ.

"ಅಪ್ಪನಿಗೆ ಏನು ಹೇಳಿದೀಯ?" ಅಂತ ಮಗನನ್ನು ಕೇಳಿದೆ.

"ಇವಳು ಹೊಲಿಗೆ ಅಂಗಡಿ ಇಡ್ತಾಳೆ, ಬೋರ್ಡಲ್ಲಿ ನಿಮ್ಮ ಫೋಟೋ ಹಾಕ್ತೀವಿ ಅಂದಿದೀವಿ. ಕುಣಿದಾಡ್ತಿದಾರೆ. ಇವಳ ಐಡಿಯಾನೇ ಅದು." ಇವಳು ಅಂದರೆ ಹೆಂಡತಿ.

ಮಗನಿಗೆ ಹೆಸರು ಇಲ್ಲ ಅಂತಲ್ಲ. ಆದರೆ ಬೀದಿಯಲ್ಲಿ ಎಲ್ಲರಿಗೂ ಅವನು ಸೊನ್ನೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಬಣ್ಣದ ಡಬ್ಬಿ ಹೊತ್ತು ಹೋಗುತ್ತಿದ್ದ. ಒಂದು ಸಲ ಮಾಮ ಏಣಿ ಇಳಿದು, ಬರಿ ನೋಡೋಣ ಅಂತ ಕುಂಚ ಕೊಟ್ಟರೆ, ಹುಡುಗ "ಅಂಗಡಿ" ಅನ್ನುವುದನ್ನು ಸೊನ್ನೆ ಬಿಟ್ಟು "ಅಗಡಿ" ಅಂತ ಬರೆದ. ಮಾಮ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಎಸೆದು "ಒರೆಸು" ಅಂದರಂತೆ. ಅಂಗಡಿಯ ಮುಂದೆ ಜನ ಸೇರಿ ನಕ್ಕರು. ಅವತ್ತಿನಿಂದ ಅವನು ಸೊನ್ನೆ. ಮೊದಲು ಕರೆದದ್ದು ಅಪ್ಪನೇ. ಆಮೇಲೂ ಕೆಲವು ವರ್ಷ ಅಪ್ಪನ ಜೊತೆ ಏಣಿ ಹತ್ತಿ ಬೋರ್ಡು ಬರೆದು, ಕೊನೆಗೆ ಡಿಪೋ ಸೇರಿದ. ಈಗ ಅವನ ತಲೆ ಅರ್ಧ ಬೆಳ್ಳಗಾಗಿದೆ, ಡಿಪೋದಲ್ಲಿ ಅವನ ಕೈಕೆಳಗೆ ಮೆಕ್ಯಾನಿಕ್‌ಗಳಿದ್ದಾರೆ. ಹೆಸರು ಮಾತ್ರ ಉಜ್ಜಿದರೂ ಹೋಗಿಲ್ಲ.

ನಾನು ಹೋದಾಗ ಮಾಮ ಹಿತ್ತಲಿನಲ್ಲಿ ಆಗಲೇ ಸಿದ್ಧವಾಗಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ತೊಡೆಯ ಮೇಲೆ ಕುಂಚಗಳ ತಗಡಿನ ಡಬ್ಬಿ. ಎಷ್ಟೋ ವರ್ಷಗಳಿಂದ ಮುಚ್ಚಿಟ್ಟಿದ್ದನ್ನು ತೆಗೆದು ಟರ್ಪೆಂಟೈನಿನಲ್ಲಿ ನೆನೆಸಿದ್ದಾರೆ, ವಾಸನೆ ಬಾಗಿಲಿಗೇ ಬರುತ್ತಿತ್ತು.

"ಬಾ ಪುಟ್ಟಿ. ನಿಮ್ಮಪ್ಪ ಇದ್ದಿದ್ರೆ ಈ ಹೊತ್ತಲ್ಲಿ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ನಿನಗೆ ಧೈರ್ಯ ಜಾಸ್ತಿ."

"ಧೈರ್ಯ ಅಲ್ಲ ಮಾಮ, ನಿಮ್ಮ ಮಗನ ಊಟದ ಹೊತ್ತು."

"ಸೊನ್ನೆಗೆ ಜೀವನದಲ್ಲಿ ಎಲ್ಲಾ ತಪ್ಪಿದೆ, ಊಟದ ಹೊತ್ತು ಒಂದು ಬಿಟ್ಟು."

ಮಾಮ ನಕ್ಕರು. ಮಗನೂ ನಕ್ಕ. ಒಂದೇ ಜೋಕಿಗೆ ಬಹಳ ವರ್ಷ ನಕ್ಕು ಅಭ್ಯಾಸವಾದವರು ನಗುವ ಹಾಗೆ.

ಹಿತ್ತಲು ಅಂದರೆ ಸಿಮೆಂಟ್ ನೆಲ, ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದು ಮೂಲೆಯಲ್ಲಿ ಒಂದು ಮರ, ಗೋಡೆಯಾಚೆ ಪಕ್ಕದ ಮನೆಯ ತಗಡಿನ ಚಾವಣಿ. ಬಿಸಿಲು ಸುರಿಯುತ್ತಿತ್ತು. ಅದು ಒಂದೇ ಕಡೆಯಿಂದ ಬಂದಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಮೇಲಿನಿಂದ ಸೂರ್ಯ, ಕೆಳಗಿನಿಂದ ಸಿಮೆಂಟು, ಪಕ್ಕದಿಂದ ತಗಡು, ಮೂರೂ ಕಡೆಯಿಂದ ಹೊಡೆಯುತ್ತಿತ್ತು.

"ಮರದ ಕೆಳಗೆ ಕೂರಿಸಿದ್ರೆ ಆಯ್ತಲ್ಲ, ನೆರಳಿದೆ," ಅಂದ ಸೊನ್ನೆ.

"ಅದು ನೆರಳಲ್ಲಪ್ಪ, ಜರಡಿ. ಎಲೆ ಸಂದಿಯಿಂದ ಬಿಸಿಲು ಬೊಟ್ಟು ಬೊಟ್ಟಾಗಿ ಬೀಳ್ತದೆ. ಕಣ್ಣಿಗೆ ಕಾಣಲ್ಲ, ಫೋಟೋದಲ್ಲಿ ಮುಖದ ತುಂಬ ತೊನ್ನು ಬಂದ ಹಾಗೆ ಕಾಣ್ತದೆ."

ಕುರ್ಚಿಯನ್ನು ಹಿತ್ತಲ ನಡುವಿಗೆ ತಂದು, ಮಾಮನ ಬೆನ್ನು ಬಿಸಿಲಿಗೆ ಬರುವ ಹಾಗೆ ತಿರುಗಿಸಿದೆ. ಹೀಗೆ ಮಾಡಿದರೆ ಮುಖ ತನ್ನದೇ ನೆರಳಿನಲ್ಲಿ ಇರುತ್ತದೆ, ಕಣ್ಣು ಕಿರಿದಾಗುವುದಿಲ್ಲ. ಆದರೆ ಮುಖ ಮಂಕಾಗುತ್ತದೆ. ಅದಕ್ಕೆ ಎದುರಿನಿಂದ ಒಂದಿಷ್ಟು ಮೆತ್ತನೆ ಬೆಳಕು ಬೇಕು. ಸೊಸೆಯಿಂದ ಒಂದು ಬಿಳಿ ಹಾಸಿಗೆ ಬಟ್ಟೆ ತರಿಸಿ, ಅದನ್ನು ಎರಡೂ ಕೈಯಲ್ಲಿ ಅಗಲಿಸಿ ನನ್ನ ಪಕ್ಕದಲ್ಲಿ ಹಿಡಿದು ನಿಲ್ಲಲು ಹೇಳಿದೆ. ಬಿಸಿಲು ಬಟ್ಟೆಗೆ ಬಡಿದು, ಅದರಿಂದ ಮಾಮನ ಮುಖಕ್ಕೆ ಹಾಲು ಹೊಯ್ದ ಹಾಗೆ ಬಂತು. ನೆಲದ ಝಳಕ್ಕೆ ಒಂದು ಕಪ್ಪು ಕಂಬಳಿ ಹಾಸಿದೆ. ಇಲ್ಲದಿದ್ದರೆ ಗದ್ದದ ಕೆಳಗೆ ಬೆಳಕು ನುಗ್ಗಿ, ಟಾರ್ಚ್ ಹಿಡಿದು ಮಕ್ಕಳನ್ನು ಹೆದರಿಸುವವರ ಹಾಗೆ ಕಾಣುತ್ತಾರೆ.

ಉಳಿದದ್ದು ತಗಡು. ಅದರ ಮಿಂಚು ಮಾಮನ ಎಡಗೆನ್ನೆಗೇ ಹೊಡೆಯುತ್ತಿತ್ತು.

"ನೀನು ಇಲ್ಲಿ ನಿಲ್ಲು," ಅಂತ ಸೊನ್ನೆಯನ್ನು ಅಪ್ಪನ ಎಡಕ್ಕೆ ನಿಲ್ಲಿಸಿದೆ. ಮಿಂಚು ಅವನ ಬೆನ್ನಿಗೆ ಬಿತ್ತು, ಕೆನ್ನೆ ತಣ್ಣಗಾಯಿತು.

"ನಿನ್ನ ಮೈಯಿಂದ ಇಷ್ಟಾದ್ರೂ ಉಪಯೋಗ ಆಯ್ತಲ್ಲ," ಅಂದರು ಮಾಮ.

ಮೊದಲ ಫೋಟೋಗಳು ಚೆನ್ನಾಗಿ ಬಂದವು. ಮಾಮನಿಗೆ ಬೋರ್ಡಿನದೇ ಮಾತು. ಅಕ್ಷರ ಎಷ್ಟು ಎತ್ತರ ಇರಬೇಕು, ನೀಲಿ ಮೇಲೆ ಹಳದಿ ಚೆನ್ನಾಗಿರುತ್ತದಾ, ರಸ್ತೆಯಾಚೆಯಿಂದ ಓದಲು ಬರುತ್ತದಾ.

"ಅಂಗಡಿ ಅನ್ನೋದು ಮಾತ್ರ ನಾನೇ ಬರೀತೀನಿ. ಇವನ ಕೈಗೆ ಕೊಟ್ಟರೆ ಗೊತ್ತಲ್ಲ."

"ಮಾವ, ನನ್ನ ರಟ್ಟೆ ಬಿದ್ದುಹೋಗ್ತಿದೆ. ಕಥೆ ಆಮೇಲೆ ಹೇಳಿ," ಅಂದಳು ಸೊಸೆ ಬಟ್ಟೆಯ ಹಿಂದಿನಿಂದ.

"ನಿನ್ನ ಅಂಗಡಿಗೇ ತಾನೆ ಕಣಮ್ಮ, ಸ್ವಲ್ಪ ಹಿಡಿ."

ಅವಳು ಬಟ್ಟೆಯನ್ನು ಇನ್ನಷ್ಟು ಎತ್ತಿ ಹಿಡಿದಳು. ಬಟ್ಟೆ ಅವಳ ಮುಖ ಮರೆಮಾಡಿತ್ತು, ಅದು ಒಳ್ಳೆಯದೇ ಆಯಿತು.

ಇನ್ನೊಂದು ತೆಗೆದು ಮುಗಿಸೋಣ ಅಂದುಕೊಂಡೆ. ಎದುರಿನ ಬಿಳುಪಿಗೆ ಅವರ ಕಣ್ಣು ದಣಿದಿತ್ತು, ನೀರಾಡುತ್ತಿತ್ತು. ಅದಕ್ಕೊಂದು ಉಪಾಯ ಇದೆ. "ಮಾಮ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಳ್ಳಿ. ನಾನು ಹೇಳಿದಾಗ ತೆರೀರಿ. ಕಣ್ಣು ಹೊಸದಾಗ್ತದೆ."

ಮಾಮ ಕಣ್ಣು ಮುಚ್ಚಿದರು. ಕೈ ಡಬ್ಬಿಯ ಮೇಲೆ ಅಲುಗದೆ ಕೂತಿತು. ಬಿಳಿ ಬಟ್ಟೆಯ ಬೆಳಕು ಮುಖದ ಗೆರೆಗಳನ್ನೆಲ್ಲ ಅಳಿಸಿಹಾಕಿತ್ತು. ಆ ಕ್ಷಣ ಆ ಮುಖ ಹೇಗಿತ್ತು ಅಂತ ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಸೊನ್ನೆಯೂ ಅದನ್ನೇ ನೋಡುತ್ತಿದ್ದ, ಅಪ್ಪನ ಪಕ್ಕದಲ್ಲೇ ನಿಂತು. ನೋಡುತ್ತಾ ನೋಡುತ್ತಾ ಅವನ ಬಾಯಿಂದ ಮಾತು ತಾನಾಗಿ ಜಾರಿತು. ಚಿಕ್ಕಂದಿನಿಂದ ಕೇಳಿದ ಅದೇ ರಾಗದಲ್ಲಿ, ಅಪ್ಪನದೇ ರಾಗದಲ್ಲಿ.

"ಕೆಳಗೆ ನಾಲ್ಕು ಬೆರಳು ಬಿಡಿ ಅಕ್ಕ."

ಅವನು ಹೇಳಬೇಕಾಗೇ ಇರಲಿಲ್ಲ. ನಾನು ಮೊದಲಿನಿಂದಲೂ ಬಿಟ್ಟೇ ತೆಗೆಯುತ್ತಿದ್ದೆ.

ನಾನು ಹೇಳುವ ಮೊದಲೇ ಮಾಮ ಕಣ್ಣು ತೆರೆದರು.

"ಬೋರ್ಡಿಗೆ ಕೆಳಗೆ ನಾಲ್ಕು ಬೆರಳು ಯಾಕೆ?"

ಸೊನ್ನೆಯ ಮುಖ ನೋಡುವ ಹಾಗಿರಲಿಲ್ಲ. "ಅಂಗಡಿ ಹೆಸರು ಬರೆಯೋಕೆ ಅಪ್ಪ."

"ಅಂಗಡಿ ಹೆಸರು ಮೇಲೆ ಬರ್ತದೆ. ಕೆಳಗೆ ಬರೋದು ಎರಡು ವರ್ಷ. ಒಂದು ನನಗೆ ಗೊತ್ತು. ಇನ್ನೊಂದು ನಿನಗೆ ಯಾರು ಹೇಳಿದ್ರು, ಡಾಕ್ಟರಾ?"

ಸೊಸೆ ಇನ್ನೂ ಬಟ್ಟೆ ಹಿಡಿದೇ ನಿಂತಿದ್ದಳು.

"ಏನಂತೆ?"

"ಅಪ್ಪ, ಒಳಗೆ ಹೋಗೋಣ ಬನ್ನಿ."

"ಏನಂತೆ ಅಂತ ಕೇಳ್ದೆ."

ಬಟ್ಟೆಯ ಹಿಂದಿನಿಂದ ಸೊಸೆಯೇ ಹೇಳಿದಳು. "ಚಳಿಗಾಲ ಕಾಣೋದು ಕಷ್ಟ ಅಂತೆ ಮಾವ."

ಮಾಮ ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. ಒಂದು ಸಲ ಕೂರಲಿಲ್ಲ, ಇನ್ನೊಂದು ಸಲ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು ಮಾಮ."

"ಸರಿ. ಆ ಬಟ್ಟೆ ತೆಗಿ."

ಕುರ್ಚಿಯ ಕೈ ಹಿಡಿದು ತಾವೇ ಎದ್ದರು. ಸೊನ್ನೆ ಹಿಡಿಯಲು ಹೋದರೆ ಮೊಣಕೈಯಿಂದ ತಳ್ಳಿದರು. ಕುರ್ಚಿಯನ್ನು ಎಳೆದು, ತಿರುಗಿಸಿ, ಸೂರ್ಯನಿಗೆ ಎದುರಾಗಿ ಕೂತರು. ಏದುಸಿರು ನಿಲ್ಲಲು ಹೊತ್ತು ಬೇಕಾಯಿತು.

"ಈಗ ತೆಗಿ."

"ಮಾಮ, ಈ ಬಿಸಿಲಿಗೆ ಮುಲಾಜಿಲ್ಲ. ಕಣ್ಣು ಎರಡೂ ಗುಳಿ ಬೀಳ್ತವೆ. ಮೂಗಿನ ನೆರಳು ತುಟಿ ಮೇಲೆ ಬಿದ್ದು ಮೀಸೆ ಆಗ್ತದೆ. ತಗಡಿನಿಂದ ಒಂದು ಕೆನ್ನೆ ಸುಟ್ಟ ಹಾಗೆ ಬೆಳ್ಳಗೆ, ಇನ್ನೊಂದು ಇಲ್ಲವೇ ಇಲ್ಲ. ಮನುಷ್ಯರ ಮುಖದ ಹಾಗೇ ಇರಲ್ಲ."

"ಅದೇ ಬೇಕು. ದಿನಾ ಊಟಕ್ಕೆ ಕೂತು ತಲೆ ಎತ್ತಿದ್ರೆ ಆ ಮುಖ ಕಾಣಬೇಕು. ತುತ್ತು ಗಂಟಲಲ್ಲೇ ನಿಲ್ಲಬೇಕು. ನನ್ನನ್ನ ಶೃಂಗಾರ ಮಾಡಿ ಕೂರಿಸಿ, ಕಣ್ಣು ಮುಚ್ಚಿಸಿ ಅಳತೆ ತಗೊಂಡ್ರಲ್ಲ, ನೆನಪಿರಲಿ." ಮಗನ ಕಡೆ ನೋಡದೆಯೇ ಹೇಳಿದರು, "ಸೊನ್ನೆ, ಪಕ್ಕಕ್ಕೆ ಹೋಗು. ನಿನ್ನ ನೆರಳು ಬೇಡ."

ಅವನು ಸರಿದ. ತಗಡಿನ ಮಿಂಚು ಮಾಮನ ಕೆನ್ನೆಗೆ ಬಿತ್ತು.

"ಪುಟ್ಟಿ, ಕೆಳಗೆ ನಾಲ್ಕು ಬೆರಳು ಬಿಡು."

ಬಿಟ್ಟೆ. ತೆಗೆದೆ. ಅಂಥ ಬಿಸಿಲಿನಲ್ಲಿ ಯಾರಾದರೂ ಕಣ್ಣು ಕಿರಿದು ಮಾಡುತ್ತಾರೆ. ಮಾಮ ಮಾಡಲಿಲ್ಲ. ನೀರು ಇಳಿದು ಗದ್ದದ ತನಕ ಬಂದರೂ ರೆಪ್ಪೆ ಬಡಿಯಲಿಲ್ಲ. ಹಿಂದೆ ಸೊಸೆ ಬಟ್ಟೆ ಮಡಚುತ್ತಾ ಗೊಣಗಿದಳು, "ಒಳ್ಳೇದು ಮಾಡೋಕೆ ಹೋದ್ರೆ ಹೀಗೇ." ಅವಳ ಮಟ್ಟಿಗೆ ಅದು ನಿಜವೇ ಇರಬೇಕು. ಸುಳ್ಳು ಹೇಳಿಯಾದರೂ ಮಾವನಿಗೆ ಕೆಲವು ದಿನ ಸಂತೋಷ ಕೊಟ್ಟವಳು ಆ ಮನೆಯಲ್ಲಿ ಅವಳೊಬ್ಬಳೇ.

ಹೊರಡುವಾಗ ಮಾಮ ಹೇಳಿದರು, "ಕೊನೇದು ಒಂದೇ ದೊಡ್ಡದು ಮಾಡು. ಮಿಕ್ಕಿದ್ದು ಬಿಸಾಕು."

ಬಿಸಾಕಲು ನನಗೆ ಮನಸ್ಸಾಗಲಿಲ್ಲ. ಕೋಪದಲ್ಲಿ ಹೇಳಿದ ಮಾತು, ಇಳಿದ ಮೇಲೆ ಬೇರೆ ಇರುತ್ತದೆ ಅಂತ ಲೆಕ್ಕ ಹಾಕಿ ಎರಡನ್ನೂ ಒಂದೇ ಅಳತೆಗೆ ಮಾಡಿದೆ. ಬಿಳಿ ಬಟ್ಟೆಯ ಬೆಳಕಿನದು ಒಂದು. ಅದರಲ್ಲಿ ಮಾಮ ಅಂಗಡಿಯ ಬೋರ್ಡನ್ನು ಎದುರಿಗೇ ನೋಡುತ್ತಿರುವ ಹಾಗೆ ನಗುತ್ತಿದ್ದಾರೆ. ನನ್ನ ಸ್ಲೇಟಿಗೆ ಗಿಣಿ ಬರೆದ ಮನುಷ್ಯನದೇ ಮುಖ. ಬಿಸಿಲಿನದು ಇನ್ನೊಂದು. ಅದನ್ನು ಒಣಗಿಸಲು ಇಟ್ಟಾಗ ಅಂಗಡಿಗೆ ಬಂದ ಒಬ್ಬಾಕೆ ಮಗುವಿನ ಮುಖ ತಿರುಗಿಸಿ ನಿಂತಳು.

ಎರಡನ್ನೂ ತೆಗೆದುಕೊಂಡು ಮನೆಗೆ ಹೋದೆ. ಸೊನ್ನೆ ಇನ್ನೂ ಬಂದಿರಲಿಲ್ಲ. ಮಾಮ ಕಿಟಕಿಯ ಪಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದರು, ಮೊದಲಿಗಿಂತ ಇಳಿದುಹೋಗಿದ್ದರು. ಮೊದಲು ಬಿಸಿಲಿನದು ಕೊಟ್ಟೆ. ನೋಡಿ "ಹೂಂ" ಅಂದರು. ಆಮೇಲೆ ಇನ್ನೊಂದು ಕೊಟ್ಟೆ. ಅದನ್ನು ಬೈಯಬಹುದು ಅಂದುಕೊಂಡಿದ್ದೆ. ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಚೆನ್ನಾಗಿದೆ."

"ಇದನ್ನೇ ಹಾಕೋಣ ಮಾಮ. ಅದನ್ನ ನಾನು ವಾಪಸ್ ತಗೊಂಡು ಹೋಗ್ತೀನಿ."

ಅವರು ಯೋಚಿಸಿದರು. "ಬೇಡ. ಎರಡೂ ಇಡು. ಅವನೇ ಆರಿಸಲಿ. ಇದನ್ನ ಮೇಲೆ ಇಡು, ಮೊದಲು ಇದೇ ಕಣ್ಣಿಗೆ ಬೀಳಲಿ."

ಹಠಮಾರಿ ಮುದುಕರು ಸೋಲುವುದು ಹೀಗೇ, ಸೋತೆ ಅಂತ ಬಾಯಲ್ಲಿ ಹೇಳದೆ. ಬಿಸಿಲಿನಲ್ಲಿ ಕೂತು ಮಗನ ಗಂಟಲಿಗೆ ತುತ್ತು ಸಿಕ್ಕಿಸಲು ಹೊರಟ ಮನುಷ್ಯ ಈಗ ಅಂಗಿಯ ಗುಂಡಿ ಸರಿಮಾಡಿಕೊಂಡು, ಬಾಗಿಲು ನೋಡುತ್ತಾ ಕೂತಿದ್ದರು.

ಸೊನ್ನೆ ಡಿಪೋದಿಂದ ಹಾಗೇ ಬಂದ. ಹೆಗಲ ಮೇಲೆ ಒರೆಸುವ ಬಟ್ಟೆ, ಕೈಯೆಲ್ಲ ಗ್ರೀಸು. ಕೈ ಒರೆಸಿಕೊಂಡು ಮೇಲಿನ ಫೋಟೋ ಎತ್ತಿಕೊಂಡ. ಹತ್ತಿರ ಹಿಡಿದ, ದೂರ ಹಿಡಿದ.

"ಇದು ಯಾರು ಅಕ್ಕ?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮಾಡುತ್ತಿರಲಿಲ್ಲ.

"ಅಪ್ಪನೇ, ಗೊತ್ತಾಯ್ತು. ಆದ್ರೆ ಈ ಮುಖ ನಾನು ನೋಡಿಲ್ಲ."

ಸೊಸೆ ಅವನ ಭುಜದ ಹಿಂದಿನಿಂದ ಬಗ್ಗಿ ನೋಡಿದಳು. "ಇದು ಗಿರಾಕಿಗಳ ಮುಂದೆ ಇರ್ತಿದ್ದ ಮುಖ ಕಣ್ರೀ. ಹೊಸಿಲು ದಾಟಿ ಒಳಗೆ ಬಂದದ್ದೇ ಇಲ್ಲ ಅದು."

ಆಗ ನನಗೆ ಗೊತ್ತಾಯಿತು, ಸ್ಲೇಟು ಹಿಡಿದು ನಿಲ್ಲುತ್ತಿದ್ದ ನಾನೂ ಒಬ್ಬಳು ಗಿರಾಕಿಯೇ ಅಂತ.

ಸೊನ್ನೆ ಕೆಳಗಿನದನ್ನು ತೆಗೆದ. ಕಣ್ಣಿನ ಜಾಗದಲ್ಲಿ ಎರಡು ಗುಳಿ, ಸುಟ್ಟ ಕೆನ್ನೆ, ಮೂಗಿನ ಕೆಳಗೆ ಕಪ್ಪು ಕಲೆ. ಅವನ ಮುಖ ಸಡಿಲವಾಯಿತು. ನೆಂಟರನ್ನು ಬಸ್ ನಿಲ್ದಾಣದಲ್ಲಿ ಗುರುತು ಹಿಡಿದವರ ಮುಖ ಆಗುತ್ತದಲ್ಲ, ಹಾಗೆ.

"ಇದು ಅಪ್ಪ," ಅಂದ. "ನಾನು ಬರೀವಾಗ ಹಿಂದೆ ನಿಂತು ಹೀಗೇ ನೋಡ್ತಿದ್ರು. ಏಣಿ ಮೇಲಿಂದ ಬೆನ್ನಿಗೇ ಗೊತ್ತಾಗ್ತಿತ್ತು. ಇದೇ ಇರಲಿ ಅಕ್ಕ. ಬಹಳ ಚೆನ್ನಾಗಿ ತೆಗೆದಿದೀರಿ."

ಅದರಲ್ಲಿ ಸೇಡು ಇರಲಿಲ್ಲ. ಇದ್ದಿದ್ದರೆ ಮಾಮ ಒಂದು ಉತ್ತರ ಕೊಟ್ಟು ಗೆಲ್ಲುತ್ತಿದ್ದರು. ಮಗ ಅದನ್ನು ಪ್ರೀತಿಯಿಂದಲೇ ಹೇಳಿದ.

ಮಾಮ ಕೈ ಚಾಚಿ ಆ ಫೋಟೋ ಇಸಿದುಕೊಂಡರು. ಕೆಳಗಿನ ಖಾಲಿ ಜಾಗದ ಮೇಲೆ ನಾಲ್ಕು ಬೆರಳು ಜೋಡಿಸಿ ಇಟ್ಟರು. "ಅಳತೆ ಸರಿಯಾಗಿದೆ ಪುಟ್ಟಿ." ಆಮೇಲೆ ಮಂಚದ ಕೆಳಗೆ ತೋರಿಸಿದರು. "ಆ ಡಬ್ಬಿ ತಗೋ ಸೊನ್ನೆ. ಬಿಳಿ ಬಣ್ಣ ಇದೆ. ಹೆಸರು, ಹುಟ್ಟಿದ ವರ್ಷ ಈಗಲೇ ಬರೆದುಬಿಡು. ನನ್ನ ಕೈ ನಡುಗ್ತದೆ. ಇನ್ನೊಂದಕ್ಕೆ ಜಾಗ ಬಿಡು."

"ನಾನಾ?"

"ಮತ್ಯಾರು ಬರೀತಾರೆ, ಬರಿ."

ಸೊನ್ನೆ ಫೋಟೋವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಮಂಚಕ್ಕೆ ಬೆನ್ನು ಮಾಡಿ ಕೂತ. ಅವನಿಗೆ ಕುಂಚ ಹಿಡಿಯುವುದು ಮರೆತಿರಲಿಲ್ಲ. ಕಿರುಬೆರಳು ಊರಿ, ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ ಬರೆದ. ಮಾಮ ದಿಂಬಿನಿಂದ ಎದ್ದು, ಹಿಂದಿನಿಂದ ನೋಡುತ್ತಿದ್ದರು. ಅಲ್ಲಿ ಬಿಸಿಲಿರಲಿಲ್ಲ. ಕಿಟಕಿಯ ಬೆಳಕು ಮೆತ್ತಗೇ ಇತ್ತು. ಆದರೂ ಅವರ ಮುಖ ಫೋಟೋದಲ್ಲಿ ಇದ್ದ ಹಾಗೇ ಆಯಿತು. ನಾನು ಮೊದಲ ಸಲ ಅದನ್ನು ನೋಡಿದೆ.

ಮಾಮನ ಹೆಸರಿನ ನಡುವೆ ಒಂದು ಸೊನ್ನೆ ಬರುತ್ತದೆ. ಸೊನ್ನೆ ಆ ಅಕ್ಷರ ದಾಟಿದ, ಮುಂದಿನದು ಬರೆದ, ಹೆಸರು ಮುಗಿಸಿದ, ವರ್ಷ ಬರೆದ, ಅದರ ಮುಂದೆ ಒಂದು ಅಡ್ಡಗೆರೆ ಎಳೆದು ಕುಂಚ ಕೆಳಗಿಟ್ಟ.

"ಸೊನ್ನೆ ಎಲ್ಲಿ?" ಅಂದರು ಮಾಮ.

ಅವನು ತಿರುಗಿ ನೋಡಿದ. ಮರೆತಿದ್ದನೋ, ಬೇಕೆಂದೇ ಬಿಟ್ಟಿದ್ದನೋ, ಆ ಮುಖದಲ್ಲಿ ನನಗೆ ಓದಲು ಆಗಲಿಲ್ಲ.

"ಇಲ್ಲೇ ಇದೀನಲ್ಲ ಅಪ್ಪ."

ಮಾಮ ಒರೆಸುವ ಬಟ್ಟೆಗೆ ಕೈ ಚಾಚಿದರು. ಅದು ಮಗನ ಹೆಗಲ ಮೇಲಿತ್ತು. ಅವನು ಕೊಡಲಿಲ್ಲ. ಬಣ್ಣ ಒಣಗುತ್ತಿತ್ತು.